ಟ್ಯಾಂಕರಿನ ಬೆನ್ನಿಗೆ ಕಟ್ಟಿದ ಕಟ್ಟಗಳು

ಮೂಡುಬಿದಿರೆಯ ಕಡೆಯ ಒಂದು ಶಾಲೆಯವರು ಕಳೆದ ವರ್ಷ ನನ್ನನ್ನು ವೇದಿಕೆಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಣೆ ಮಾಡಿದ ಹುಡುಗಿ ‘ಹನಿಗೂಡಿದರೆ ಹಳ್ಳ’ ಎಂದು ಶುರುಮಾಡಿ ನನ್ನನ್ನು ‘ನೀರಿನ ತಾಯಿ’ ಎಂದು ಕರೆದು ಮುಗಿಸಿದಳು. ನಾನು ಮೈಕಿನ ಮುಂದೆ ನಿಂತು ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಇಳಿದೆ. ನಿಜ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ನಾನು ಊರೂರಿನ ತೋಡುಗಳಿಗೆ, ಆ ಸಣ್ಣ ಹಳ್ಳಗಳಿಗೆ, ಕಟ್ಟ ಹಾಕಿಸಿಕೊಂಡು ತಿರುಗಿದ್ದು ನೀರಿನ ಮೇಲಿನ ಪ್ರೀತಿಯಿಂದಲ್ಲ. ಒಬ್ಬನ ಹೊಟ್ಟೆಯ ಮೇಲೆ ಹೊಡೆಯಬೇಕೆಂಬ ಹಗೆಯಿಂದ.

ಅವನು ನನ್ನ ಶಿಷ್ಯನೇ. ವಾಮದಪದವಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಲ್ಲಿನ ಶಾಲೆಯಲ್ಲಿ ಅವನಿಗೆ ಅಕ್ಷರ ಕಲಿಸಿದವಳು ನಾನು. ಗಲ್ಫಿನಿಂದ ವಾಪಸು ಬಂದವನು ಬೋರ್‌ವೆಲ್ ಕೊರೆಸಿ, ಹಳೆಯದೊಂದು ಟ್ಯಾಂಕರ್ ಕೊಂಡು, ಬೇಸಿಗೆಯಲ್ಲಿ ನೀರು ಮಾರುತ್ತಿದ್ದ. ನಮ್ಮ ಬಾವಿ ಏಪ್ರಿಲ್‌ನಲ್ಲಿ ತಳ ಕಾಣುತ್ತಿದ್ದುದರಿಂದ ನಾನೂ ಅವನ ಗಿರಾಕಿಯಾಗಿದ್ದೆ.

ಅಂಥ ಒಂದು ಏಪ್ರಿಲ್‌ನ ಬೆಳಿಗ್ಗೆ ನನ್ನನ್ನು ಹೆತ್ತ ಉಮ್ಮ ತೀರಿಹೋದರು. ಹೂಳುವ ಮೊದಲು ಮಯ್ಯತ್ತನ್ನು ಮೀಯಿಸಲು ಮನೆಯಲ್ಲಿ ನೀರಿಲ್ಲ. ಫೋನ್ ಮಾಡಿದೆ. “ಹತ್ತು ನಿಮಿಷ ಟೀಚರೇ, ಬಂದೆ,” ಎಂದ. ಗಂಟೆಗಳು ಕಳೆದವು. ಅಂಗಳದಲ್ಲಿ ನಿಂತು ನೋಡುತ್ತಿದ್ದಂತೆ ಅವನ ಟ್ಯಾಂಕರ್, ತುಂಬಿದ ಟ್ಯಾಂಕರ್, ನೀರು ಸುರಿಸುತ್ತ ನಮ್ಮ ಗೇಟಿನ ಎದುರಿನಿಂದಲೇ ದಾಟಿ ಮುಖ್ಯರಸ್ತೆಯ ಮದುವೆ ಹಾಲಿಗೆ ಹೋಯಿತು. ಮತ್ತೆ ಫೋನ್ ಮಾಡಿದೆ.

“ಅಲ್ಲಿ ಮದುವೆ ಊಟ ಉಂಟು ಟೀಚರೇ. ನಿಮ್ಮದು ಸ್ವಲ್ಪ ತಡವಾದರೂ ನಡೀತದಲ್ಲ?”

ನಡೀತದಂತೆ. ಬದುಕಿದ್ದಾಗ ಬಾಗಿಲಿಗೆ ಬಂದ ಯಾರನ್ನೂ ಒಂದು ಲೋಟ ನೀರಿಗೆ ಕಾಯಿಸದ ಹೆಂಗಸು, ಸಂಜೆಯ ಅಸರ್ ಬಾಂಗಿನವರೆಗೆ ನೀರಿಗಾಗಿ ಕಾದು ಮಲಗಿದ್ದರು. ಕೊನೆಗೆ ಸುತ್ತಮುತ್ತಲಿನ ಹೆಂಗಸರು, ಹಿಂದೂಗಳೂ ಬ್ಯಾರಿಗಳೂ, ತಮ್ಮ ತಮ್ಮ ಡ್ರಮ್ಮಿನ ತಳ ಬಳಿದು ಮನೆಗೊಂದು ಕೊಡಪಾನದಂತೆ ಹೊತ್ತು ತಂದರು. ಎಲ್ಲರಿಗಿಂತ ಕೊನೆಗೆ ಬಂದವರು ಟ್ಯಾಂಕರಿನವನ ತಾಯಿ. ಕುತ್ತಿಗೆಯ ಹತ್ತಿರ ತಗ್ಗಾಗಿದ್ದ ತಾಮ್ರದ ಕೊಡಪಾನವನ್ನು ಇಳಿಸಿ, ಯಾರ ಮುಖವನ್ನೂ ನೋಡದೆ, ಅದನ್ನು ಅಲ್ಲೇ ಬಿಟ್ಟು ಹೋದರು. ನಾನು ಅದನ್ನು ಹಿಂದಿರುಗಿಸಲಿಲ್ಲ. ಆ ಮನೆಯ ಮೆಟ್ಟಿಲು ಹತ್ತಲು ನನಗೆ ಮನಸ್ಸಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕವುಚಿ ಇಟ್ಟೆ.

ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಇವನಿಗೆ ನಾನು ಕುಡಿಸುತ್ತೇನೆ, ಆ ಟ್ಯಾಂಕರಿಗೆ ತುಕ್ಕು ಹಿಡಿಸುತ್ತೇನೆ ಎಂದುಕೊಂಡೆ.

ದಾರಿ ತೋರಿಸಿದವರು ತೋಡಿನ ಆಚೆ ದಡದ ಒಬ್ಬ ಮುದುಕ ಬೇಸಾಯಗಾರರು. ಹಿಂದೆ ಮಳೆಗಾಲ ಕಳೆದು ತೋಡು ಸಣ್ಣಗಾದಾಗ ಊರವರು ಸೇರಿ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ನಿಂತ ನೀರು ಎರಡೂ ದಡದ ಬಾವಿಗಳಿಗೆ ಒಸರುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಎಲ್ಲರೂ ಕೈಬಿಟ್ಟರು. ನಾನು ಮನೆಮನೆಗೆ ಹೋಗಿ ಆಳು ಕೇಳಿದೆ. ಅರ್ಧ ಊರು ನನ್ನ ಕೈಯಲ್ಲಿ ಪೆಟ್ಟು ತಿಂದು ಮಗ್ಗಿ ಕಲಿತದ್ದು. ಇಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಕಲ್ಲಿನ ಸಾಲುಗಳ ನಡುವೆ ಗದ್ದೆಯ ಜೇಡಿಮಣ್ಣು ತುಂಬಿ ಬರಿಗಾಲಲ್ಲಿ ತುಳಿಯಬೇಕು, ಹಿಮ್ಮಡಿಗೆ ನೀರಿನ ಸೆಳೆತ ತಾಗಿದರೆ ಅಲ್ಲಿ ಏಡಿಯ ತೂತು ಉಂಟೆಂದು ತಿಳಿಯಬೇಕು ಎಂದು ಮುದುಕರು ಕಲಿಸಿದರು. ತುಳಿಯುವಾಗ ಕಾಲಡಿಯಲ್ಲಿ ಯಾರ ಮುಖವನ್ನು ನೆನೆಸಿಕೊಂಡೆನೆಂದು ಬರೆಯಬೇಕಾಗಿಲ್ಲ.

ಮುಂದಿನ ಬೇಸಿಗೆಯಲ್ಲಿ ನಮ್ಮ ಬಾವಿ ಮೇ ತಿಂಗಳವರೆಗೂ ಬತ್ತಲಿಲ್ಲ. ಆದರೆ ಅವನ ಟ್ಯಾಂಕರೂ ಮೇ ತಿಂಗಳವರೆಗೆ ಓಡಿತು. ಹಿಂದೆಲ್ಲ ಏಪ್ರಿಲ್ ಕೊನೆಗೆ ಕೆಮ್ಮುತ್ತಿದ್ದ ಅವನ ಬೋರ್‌ವೆಲ್ ಈಗ ನಿಲ್ಲುವ ಲಕ್ಷಣವೇ ಇಲ್ಲ. ಮುದುಕರು ನಕ್ಕರು.

“ನಿಮ್ಮ ಕಟ್ಟದ ನೀರು ಅವನ ಬೋರಿಗೂ ಇಳಿದಿದೆ ಟೀಚರೇ. ನೀರು ಜಾಗದ ಆರ್‌ಟಿಸಿ ನೋಡಿಕೊಂಡು ಹೋಗ್ತದಾ?”

“ಹಾಗಾದರೆ ಒಡೆದು ಹಾಕುವ.”

“ಒಡೆದರೆ ನಿಮ್ಮ ಬಾವಿಯೂ ಹೋಯ್ತು. ಸುಮ್ಮನಿರಿ ಮಾರಾಯ್ರೇ.”

ಸುಮ್ಮನಿರುವ ಜಾತಿ ನನ್ನದಲ್ಲ. ಅವನ ನೀರನ್ನು ನಿಲ್ಲಿಸಲಾಗದಿದ್ದರೆ ಅವನ ಗಿರಾಕಿಗಳನ್ನು ನಿಲ್ಲಿಸುತ್ತೇನೆ ಎಂದು ಹೊರಟೆ. ಗಿರಾಕಿಗಳು ಯಾರೆಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನ ಟ್ಯಾಂಕರ್ ಸೋರುತ್ತಿತ್ತು. ಡಾಮರು ರಸ್ತೆಯ ಮೇಲೆ ಒದ್ದೆ ಗೆರೆ ಎಳೆದುಕೊಂಡೇ ಹೋಗುತ್ತಿತ್ತು. ನಾನು ರಿಕ್ಷಾ ಹಿಡಿದು, ಬಿಸಿಲಿಗೆ ಆರುವ ಮೊದಲು ಆ ಗೆರೆಯ ಬೆನ್ನು ಹತ್ತುತ್ತಿದ್ದೆ. ಗೆರೆ ನಿಂತ ಮನೆಗೆ ನುಗ್ಗಿ, ಕುಡಿಯಲು ನೀರು ಕೇಳಿ, “ನಿಮ್ಮಲ್ಲಿ ತೋಡು ಎಲ್ಲುಂಟು? ಕಟ್ಟ ಹಾಕುವ,” ಎಂದು ಶುರುಮಾಡುತ್ತಿದ್ದೆ. ಬೆಳ್ತಂಗಡಿಯ ಗಡಿಯ ಊರುಗಳಿಗೆ ಹೋದೆ. ಅವನು ಪುತ್ತಿಗೆಯ ಕಡೆ ಹೊಸ ಗಿರಾಕಿಗಳನ್ನು ಹುಡುಕಿಕೊಂಡರೆ ನಾನು ಪುತ್ತಿಗೆಗೂ ಹೋದೆ. ಟೀಚರಿಗೆ ನೀರಿನ ಹುಚ್ಚು ಹಿಡಿದಿದೆ ಎಂದು ಜನ ಆಡಿಕೊಂಡರು. ಆಡಿಕೊಂಡವರೇ ಡಿಸೆಂಬರಿನಲ್ಲಿ ಹಾರೆ ಹಿಡಿದು ಬಂದರು.

ಒಮ್ಮೆ ಅವನೇ ಬಸ್‌ಸ್ಟ್ಯಾಂಡಿನಲ್ಲಿ ತಡೆದು ನಿಲ್ಲಿಸಿದ. “ಟೀಚರೇ, ನನ್ನ ಮೇಲೆ ನಿಮಗೆ ಏನಾದರೂ ಉಂಟಾ?”

“ನಿನ್ನ ಮೇಲೆ ಎಂಥದ್ದು ಮಾರಾಯ? ಇದು ಊರಿನ ಕೆಲಸ,” ಎಂದು ಬೆಲ್ಲದ ಹಾಗೆ ಹೇಳಿದೆ.

ಆರು ಬೇಸಿಗೆ ಹಿಡಿಯಿತು. ಕೊನೆಗೆ ಟ್ಯಾಂಕರ್ ಅವನ ಮನೆಯ ಬದಿಯಲ್ಲಿ ನಿಂತೇ ಹೋಯಿತು. ಟಯರ್ ಕೂತು, ಕೋಳಿಗಳು ಅದರಡಿಯಲ್ಲಿ ಮೊಟ್ಟೆಯಿಡತೊಡಗಿದವು. ಅಂಗಡಿಗೆ ಹತ್ತಿರದ ದಾರಿಯಿದ್ದರೂ ನಾನು ಸುತ್ತು ಹಾಕಿ ಆ ಮನೆಯ ಮುಂದಿನಿಂದಲೇ ಹೋಗುತ್ತಿದ್ದೆ. ಪ್ರತಿ ಸಲವೂ ನನಗೆ ಸಂತೋಷವಾಗುತ್ತಿತ್ತು. ಆದರೂ ಸಾಕೆನಿಸಲಿಲ್ಲ. ಯಾಕೆ ನಿಂತಿತೆಂದು ಅವನಿಗೆ ಗೊತ್ತಿರಲಿಲ್ಲವಲ್ಲ.

ಈ ಏಪ್ರಿಲ್‌ನಲ್ಲಿ ಅವನ ತಾಯಿ ತೀರಿಕೊಂಡರು. ಮಯ್ಯತ್ತು ಮೀಯಿಸಲು ಕೈ ಸೇರಿಸಬೇಕೆಂದು ನನಗೂ ಹೇಳಿಕಳಿಸಿದರು. ನಾನು ಮೂಲೆಯಲ್ಲಿದ್ದ ಕೊಡಪಾನವನ್ನು ಹುಣಿಸೆಹುಳಿ ಹಚ್ಚಿ ತಿಕ್ಕಿ, ನಮ್ಮ ಬಾವಿಯ ನೀರು ತುಂಬಿಸಿ, ಸೊಂಟದಲ್ಲಿಟ್ಟುಕೊಂಡು ಹೋದೆ. ಅಂಗಳದಲ್ಲಿ ಮಸೀದಿಯ ಜಮಾಅತಿನ ಗಂಡಸರೆಲ್ಲ ಕೂತಿದ್ದರು. ಅವನು ಎದ್ದು ಬಂದ.

“ಬಾವಿಯಲ್ಲಿ ನೀರು ಉಂಟಲ್ಲ ಟೀಚರೇ, ಯಾಕೆ ಹೊತ್ತುಕೊಂಡು ಬಂದಿರಿ?” ಎಂದವನ ಕಣ್ಣು ತಗ್ಗಾದ ಕುತ್ತಿಗೆಯ ಮೇಲೆ ನಿಂತಿತು. “ಇದು ನಮ್ಮದಲ್ವಾ?”

“ನಿಮ್ಮದೇ. ನನ್ನ ಉಮ್ಮನ ದಿನ ನಿನ್ನ ಉಮ್ಮ ಹೊತ್ತು ತಂದದ್ದು. ನಿನ್ನ ಟ್ಯಾಂಕರ್ ಮದುವೆಗೆ ಹೋಗಿತ್ತು.”

ಎಲ್ಲರಿಗೂ ಕೇಳುವ ಹಾಗೆ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದೆ. ಅವನು ತಲೆ ತಗ್ಗಿಸಿದ. ನನಗೆ ಬೇಕಾಗಿದ್ದುದು ಅದೇ. ಒಳಗೆ ಹೋದೆ.

ಪರದೆಯ ಒಳಗೆ ನಾವು ಮೂವರು ಹೆಂಗಸರಿದ್ದೆವು. ನಾನು ನೀರು ಹೊಯ್ಯುತ್ತಿದ್ದಾಗ ಅವನ ಹೆಂಡತಿ ಮೆಲ್ಲಗೆ ಹೇಳಿದಳು. “ನೀವು ಹೊರಗೆ ಹೇಳಿದ್ದು ಕೇಳಿತು ಟೀಚರೇ. ನಿಮ್ಮ ಮನೆಗೆ ನೀರು ಹೊತ್ತು ಹೋಗಿ ಬಂದ ಆ ದಿನದಿಂದ ಇವರು ಮಗನ ಕೈಯಿಂದ ಒಂದು ಲೋಟ ನೀರು ತೆಗೆದುಕೊಂಡಿಲ್ಲ. ನಿನ್ನೆಯೂ ನನ್ನ ಗಂಡ ಚಮಚದಲ್ಲಿ ನೀರು ಹಿಡಿದರು. ಇವರು ಬಾಯಿ ಮುಚ್ಚಿಕೊಂಡರು.”

ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆಗಲಿಲ್ಲ. ನನಗೆ ಆದದ್ದು ಹೊಟ್ಟೆಕಿಚ್ಚು. ನಾನು ಮೂರು ತಾಲೂಕು ಸುತ್ತಿ, ಇಷ್ಟೆಲ್ಲ ಕಟ್ಟ ತುಳಿದು ಸಾಧಿಸಿದ್ದನ್ನು ಈ ಹೆಂಗಸು ಮನೆಯೊಳಗೆ ಕೂತು, ಮಾತಿಲ್ಲದೆ, ನನಗಿಂತ ಮೊದಲೇ ಸಾಧಿಸಿದ್ದರು. ನನ್ನ ಉಮ್ಮನಿಗಾಗಿ, ಹೆತ್ತ ಮಗನ ಮೇಲೆ.

ಕೊನೆಯ ಸಲದ ನೀರಿಗೆ ಕರ್ಪೂರ ಬೆರೆಸಬೇಕು. ಅದನ್ನು ಬಾವಿಯಿಂದ ತರಿಸಲಿಲ್ಲ. ಆ ಕೊಡಪಾನದಿಂದಲೇ ಬಗ್ಗಿಸಿದೆ. ಅವರ ಪಾದದವರೆಗೂ ಸರಿಯಾಗಿ ಬಂತು.

ಹೊರಗೆ ಬಂದಾಗ ಅವನು ಪರದೆಯ ಹತ್ತಿರವೇ ನಿಂತಿದ್ದ. “ಟೀಚರೇ, ನೀರು ಸಾಕಾಯ್ತಾ?” ಎಂದು ಕೇಳಿದ.

ಬಾಯಿಯಲ್ಲಿ ಇನ್ನೂ ಎರಡು ಮಾತು ಸಿದ್ಧವಿತ್ತು. ನಿನ್ನೆ ಚಮಚ ಹಿಡಿದಿದ್ದ ಅವನ ಕೈ ನೋಡಿದೆ. ಖಾಲಿ ಕೊಡಪಾನವನ್ನು ಅವನ ಕೈಗೆ ಕೊಟ್ಟು, “ಸಾಕಾಯ್ತು,” ಎಂದೆ.