ಗಂಡನ ಹೆಸರು ಕೇಳಿದ ಮಿಷನ್ನು

ಕಾಲು ಚಾಚ್ಕೊಂಡು ಆರಾಮಾಗಿ ಕುಂತ್ಕೊಳ್ಳಿ, ಆಸ್ಪತ್ರೇಲಿ ನಡೆದಿದ್ದು ಹೇಳ್ತೀನಿ. ನಮ್ಮ ಯಜಮಾನ್ರಿಗೆ ಉಸಿರು ಕಟ್ಟಿ ಮಾತೇ ನಿಂತೋಯ್ತು. ಬೇತಮಂಗಲದಿಂದ ಆಟೋದಲ್ಲಿ ಬಂಗಾರಪೇಟೆಯ ಹೊಸ ಆಸ್ಪತ್ರೆಗೆ ಕರ್ಕೊಂಡೋದೆ. ಅಲ್ಲಿ ಚೀಟಿ ಬರೆಯೋರೇ ಇಲ್ಲ, ಮಾತಾಡೋ ಮಿಷನ್ ಒಂದು ನಿಂತಿತ್ತು. ಈಗ ಎಲ್ಲಾ ಕಡೆ ಇದೇ ಅಂತೆ.

"ರೋಗಿಯ ಹೆಸರು ಹೇಳಿ" ಅಂತು.

ಮದುವೆಯಾದಾಗಿಂದ ಇವರ ಹೆಸರನ್ನ ಬಾಯಿಬಿಟ್ಟು ಹೇಳಿದೋಳಲ್ಲ ನಾನು. ಈ ತಗಡು ಡಬ್ಬಿಗೆ ಹೇಳ್ತೀನಾ?

"ನಮ್ಮನೆಯೋರು" ಅಂದೆ.

"ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ."

ಇವರು ನೋಡಿದ್ರೆ ಕಣ್ಣು ಮೇಲೆ ಮಾಡ್ತಾ ಇದ್ರು. "ಮಂಜುಳನ ಅಪ್ಪ ಕಣ್ಲಾ, ಬೇಗ ಒಳಗೆ ಬಿಡು!" ಅಂತ ಗದರಿದೆ. ಚೀಟಿ ಬಂತು!

ಸ್ವಲ್ಪ ಹೊತ್ತಿಗೆ ಮೈಕು "ಮಂಜುಳನ ಅಪ್ಪ, ಒಳಗೆ ಬನ್ನಿ" ಅಂತ ಕೂಗ್ತು. ಬೆಂಚಿಂದ ಇನ್ನಿಬ್ಬರು ಗಂಡಸರು ಎದ್ದೇಬಿಟ್ಟರು.

"ಕೂತ್ಕೊಳ್ರೋ, ನಿಮ್ಮ ಮಂಜುಳ ಬೇರೆ!" ಅಂತ ಅವರನ್ನ ತಳ್ಳಿ, ಇವರನ್ನ ಡಾಕ್ಟರ್ ಮುಂದೆ ನಿಲ್ಲಿಸಿದೆ.

ಇವರು ಈಗ ಗಟ್ಟಿಯಾಗಿದಾರೆ, ಎರಡು ಹೊತ್ತೂ ಹಸು ಕರೀತಾರೆ. ಎದ್ದೋರಲ್ಲಿ ಒಬ್ಬನಿಗೆ ಬರೀ ಗ್ಯಾಸಂತೆ. ಇನ್ನೊಬ್ಬ ಊರಿಗಾಂ ಅನ್ನೋ ಊರೋನು, ಅವನಿಗೆ ಮಗಳೇ ಇಲ್ಲವಂತೆ! ಕಾದು ಕಾದು ಬೇಜಾರಾಗಿ ಎದ್ದಿದ್ದ. ಮಿಷನ್ ಅಲ್ಲೇ ಇದೆ. ಪಕ್ಕದಲ್ಲಿ ಒಬ್ಬಳು ಹುಡುಗೀನ ಕೂರಿಸಿದಾರೆ, ರೇಷನ್ ಕಾರ್ಡ್ ನೋಡ್ಕೊಂಡು ನಮ್ಮಂಥೋರ ಗಂಡಂದಿರ ಹೆಸರನ್ನ ಅದಕ್ಕೆ ಕೂಗಿ ಹೇಳೋಕೆ.