ಟೈಪು ಮಾಸ್ಟ್ರು ಮತ್ತು ನನ್ನ ಹೊಸ ರಿವಾಲ್ವರ್

ಮೊನ್ನೆ ಮಧ್ಯಾಹ್ನ ಹೆಂಡತಿ ಹೊಲಿಗೆ ಮಿಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ತೆಳು ಎಣ್ಣೆಯ ವಾಸನೆ ಚಾವಡಿಗೆ ಬಂದದ್ದೇ ನಾನು ಓದುತ್ತಿದ್ದ ಪೇಪರು ಮಡಚಿಟ್ಟು ಅಂಗಳಕ್ಕೆ ಹೋಗಿ ನಿಂತೆ. ಅವಳು ಏನೆಂದು ಕೇಳಲಿಲ್ಲ. ಟೈಪ್‌ರೈಟರಿಗೂ ಅದೇ ಎಣ್ಣೆ, ರಿವಾಲ್ವರಿಗೂ ಅದೇ ಎಣ್ಣೆ... ಅದು ನಮ್ಮಿಬ್ಬರಿಗೂ ಗೊತ್ತು.

ಕುಂದಾಪುರದ ತಾಲೂಕು ಕಚೇರಿಯ ಎದುರಿನ ಜಗಲಿಯೊಂದರಲ್ಲಿ ಮಾಸ್ಟ್ರು ಜನರ ಅರ್ಜಿ ಬರೆದುಕೊಡಲು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಹಿಂದೆ ಯಾವುದೋ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದರಂತೆ, ಹಾಗಾಗಿ ಎಲ್ಲರಿಗೂ ಅವರು ಟೈಪು ಮಾಸ್ಟ್ರು. ಕೀಲಿಗಳ ಕಡೆ ನೋಡುತ್ತಿರಲಿಲ್ಲ. ನಮ್ಮ ಮುಖ ನೋಡುತ್ತ, ನಾವು ಹೇಳಿದ್ದನ್ನು ಕೇಳುತ್ತ, ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡುತ್ತಿದ್ದರು.

ಕೋಟೇಶ್ವರದಲ್ಲಿ ನನ್ನದು ಸಣ್ಣ ಚಿನ್ನದಂಗಡಿ. ಉಡುಪಿ ಹೊಸ ಜಿಲ್ಲೆಯಾದ ಆಸುಪಾಸಿನಲ್ಲಿ, ಒಂದು ಸಂಜೆ ಬ್ರಹ್ಮಾವರದ ಬಸ್‌ಸ್ಟಾಂಡಿನಲ್ಲಿ ಒಬ್ಬ ನನ್ನ ಕೈಚೀಲ ಕಿತ್ತುಕೊಂಡು ಓಡಿದ. ಗಿರಾಕಿಯೊಬ್ಬರ ಮಗಳ ಮದುವೆಯ ಸರ ಅದರಲ್ಲಿತ್ತು. ನಾನು ಕೂಗಲೂ ಇಲ್ಲ, ಬೆನ್ನಟ್ಟಲೂ ಇಲ್ಲ. ಆಮೇಲೆ ರಿವಾಲ್ವರಿನ ಲೈಸೆನ್ಸಿಗೆಂದು ಅರ್ಜಿ ಬರೆಸಲು ಮಾಸ್ಟ್ರ ಹತ್ತಿರ ಹೋದಾಗ ನಾಲ್ಕು ಜನ ಸುತ್ತುವರಿದರು ಎಂದು ಹೇಳಿದೆ. ಅವರ ಬೆರಳು ನಿಂತಿತು.

"ಶೇಟ್ರೆ, ಮೊನ್ನೆ ದೂರು ಬರ್ಸುವಾಗ ನೀವೇ ಒಬ್ಬ ಅಂದಿದ್ರಿ ಅಲ್ದಾ?"

"ಒಬ್ಬ ಅಂದ್ರೆ ಲೈಸೆನ್ಸ್ ಕೊಡ್ತ್ರಾ ಮಾಸ್ಟ್ರೆ?"

"ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ. ಒಬ್ಬ ಅಂದೇ ಹಾಕ್ವ. ಬಾಯಂಗ್ ಹೇಳದ್ದ್ ಹಾರಿ ಹೋತ್ತ್, ಟೈಪ್ ಮಾಡದ್ದ್ ಉಳಿತ್ತ್."

ಒಬ್ಬ ಎಂದೇ ಟೈಪ್ ಮಾಡಿದರು. ನನಗೆ ನಾಚಿಕೆಯಾಯಿತು. ಆದರೆ ಅಂದಿನಿಂದ ಕುಂದಾಪುರಕ್ಕೆ ಹೋದಾಗಲೆಲ್ಲ ಆ ಜಗಲಿಯಲ್ಲಿ ಐದು ನಿಮಿಷ ಕೂರದೆ ಬರುತ್ತಿರಲಿಲ್ಲ. ಪೊಲೀಸ್ ವಿಚಾರಣೆ, ಡಿಸಿ ಆಫೀಸಿನ ಅಲೆದಾಟ ಎಲ್ಲ ಸೇರಿ ವರ್ಷವೇ ಹಿಡಿಯಿತು. ನನಗಿಂತ ಅವರಿಗೇ ಅವಸರ. "ಬಂದ್ ಕೂಡ್ಲೆ ನಂಗ್ ಒಂದ್ಸಲ ತೋರ್ಸ್ಕ್ ಕಾಣಿ" ಎನ್ನುತ್ತಿದ್ದರು.

ಮಂಗಳೂರಿನ ಬಂದೂಕಿನ ಅಂಗಡಿಯಲ್ಲಿ ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡದ್ದು ಈಗಲೂ ಅಂಗೈಗೆ ನೆನಪಿದೆ. ಎಣ್ಣೆ ಕಾಗದದಲ್ಲಿ ಸುತ್ತಿದ ಹೊಚ್ಚ ಹೊಸ ರಿವಾಲ್ವರ್. ನೀಲಿ ಹೊಳೆಯುವ ಕಪ್ಪು, ಹಿಡಿಗೆ ಮರದ ಹಾಳೆ. ಇಷ್ಟು ಚಿಕ್ಕದಕ್ಕೆ ಇಷ್ಟು ಭಾರವೇ ಎನಿಸಿತು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬ್ರಹ್ಮಾವರ ದಾಟುವಾಗ ಆ ಬಸ್‌ಸ್ಟಾಂಡಿನ ಕಡೆಗೆ ತಲೆಯೆತ್ತಿ ನೋಡಿದೆ. ಆ ಹೆಮ್ಮೆಯನ್ನು ನೆನೆದರೆ ಇವತ್ತು ಮೈ ಹಿಡಿಯಾಗುತ್ತದೆ.

ಮರುದಿನ ಭಾನುವಾರ. ಬೆಳಿಗ್ಗೆ ನೋಡುವ ಆಸೆಗೆ ಆರೂ ಗುಂಡು ತುಂಬಿದೆ. ಹೆಂಡತಿ ಆಗ ಏಳು ತಿಂಗಳ ಬಸುರಿ. "ಮೊದಲು ಅದನ್ನು ಖಾಲಿ ಮಾಡಿ" ಎಂದು ಗದರಿದಳು. ಮಂಚದ ಮೇಲೆ ಗುಂಡುಗಳನ್ನು ಸುರಿದು, ಹಾಗೆಯೇ ಬಾಚಿ ಡಬ್ಬಿಗೆ ಹಾಕಿದೆ. ಎಣಿಸಲಿಲ್ಲ. ಗುಂಡು ಕೂರುವ ಹೊಸ ಗೂಡಿನ ಜಿಡ್ಡಿಗೆ ಒಂದು ಅಂಟಿಕೊಂಡು ಒಳಗೇ ಉಳಿದಿತ್ತು.

ಹೇಳಿಕಳುಹಿಸಿದ್ದೆ, ಊಟವಾದ ಮೇಲೆ ಮಾಸ್ಟ್ರು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದರು, ಶುಭಕಾರ್ಯಕ್ಕೆ ಬಂದವರ ಹಾಗೆ. ಚಾವಡಿಯ ಮೇಜಿನ ಆಚೆ ಈಚೆ ಕೂತೆವು. ಹೆಂಡತಿ ಒಳಗೆ ಚಹಾಕ್ಕೆ ಇಟ್ಟಿದ್ದಳು. ನಾನು ದೊಡ್ಡ ಕಸುಬುದಾರನಂತೆ ರಿವಾಲ್ವರಿನ ಕುದುರೆ ಒತ್ತಿ ತೋರಿಸಿದೆ. ಟಿಕ್. ಮತ್ತೊಮ್ಮೆ, ಟಿಕ್. ಅವರು ನಗುತ್ತ ಬಲಗೈ ಚಾಚಿ ನಳಿಗೆಯನ್ನು ಪಕ್ಕಕ್ಕೆ ಸರಿಸಲು ಬಂದರು.

"ಹ್ವಾಯ್, ಅದ್ರ್ ಮುಸುಡಿ ಆಚಿಗ್ ತಿರ್ಗ್ಸಿ ಮಾರಾಯ್ರೆ..."

"ಖಾಲಿ ಇತ್ತ್ ಮಾಸ್ಟ್ರೆ, ಹೆದ್ರುದ್ ಎಂತಕೆ?" ಎಂದು ಮೂರನೆಯ ಸಲ ಒತ್ತಿದೆ.

ಆ ಸದ್ದಿನ ನಂತರ ಕಿವಿಯಲ್ಲಿ ಕುಂಯ್ ಎನ್ನುವುದೊಂದೇ ಇತ್ತು. ಮಾಸ್ಟ್ರು ತಮ್ಮ ಕೈಯನ್ನು ಯಾರದೋ ಕೈಯೆಂಬಂತೆ ನೋಡುತ್ತಿದ್ದರು. ಹೆಂಡತಿ ಓಡಿಬಂದು ಬೈರಾಸು ಸುತ್ತಿದಳು, ಆ ಬಟ್ಟೆ ನೋಡನೋಡುತ್ತ ಕೆಂಪಾಯಿತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಅವರು ನನ್ನ ಭುಜಕ್ಕೆ ಒರಗಿದ್ದರು. ಡ್ರೈವರಿಗೆ ಕೇಳಿಸದಂತೆ ಹೇಳಿದರು:

"ಶೇಟ್ರೆ, ಈಗ ನೀವ್ ಎಂತದೂ ಹೇಳುಕ್ ಹೋಗ್ಬೇಡಿ. ನೀವ್ ಒಳ್ಗ್ ಹೋದಾಗ ನಾನೇ ಮುಟ್ಟದ್ದ್ ಅಂದ್ ಹೇಳ್ತೆ. ಬಸ್ರಿ ಹೆಂಗ್ಸಿನ್ ಬಿಟ್ಟ್ ನೀವ್ ಜೈಲಿಗ್ ಹೋಪುದ್ ಬ್ಯಾಡ."

ನಾನು ಬೇಡವೆನ್ನಲಿಲ್ಲ.

ತೋರುಬೆರಳು, ನಡುಬೆರಳು ಎರಡನ್ನೂ ತೆಗೆದರು. ಉಳಿದವು ಮತ್ತೆ ಮಡಚಲಿಲ್ಲ. ಪೊಲೀಸರ ಎದುರು ಮಾಸ್ಟ್ರು ಹೇಳಿದಂತೆಯೇ ಹೇಳಿದರು. ಅರ್ಜಿಯಲ್ಲಿ ಒಬ್ಬನನ್ನು ನಾಲ್ವರು ಮಾಡಲು ಒಪ್ಪದ ಮನುಷ್ಯ, ಹಾಸಿಗೆಯಲ್ಲಿ ಮಲಗಿ ಅಷ್ಟುದ್ದ ಸುಳ್ಳನ್ನು ತಡವರಿಸದೆ ಹೇಳಿ, ಎಡಗೈಯ ಹೆಬ್ಬೆರಳು ಒತ್ತಿದರು. ಪೊಲೀಸರು ಅಜಾಗರೂಕತೆಯಿಂದ ಇಟ್ಟದ್ದಕ್ಕೆ ನನ್ನನ್ನು ಗದರಿಸಿದರು. ರಿವಾಲ್ವರನ್ನು ಕೆಲವು ತಿಂಗಳು ಇಟ್ಟುಕೊಂಡು ವಾಪಸು ಕೊಟ್ಟರು.

ನನಗೆ ಹೆಣ್ಣುಮಗು ಹುಟ್ಟಿತು. ಮಾಸ್ಟ್ರು ಎಡಗೈಯಲ್ಲಿ ಟೈಪು ಮಾಡಲು ಆರು ತಿಂಗಳು ಹೆಣಗಿದರು. ಒಂದು ಅರ್ಜಿಗೆ ಅರ್ಧ ಗಂಟೆ. ಕಚೇರಿ ಕೆಲಸಕ್ಕೆ ಬಂದವರಿಗೆ ಅಷ್ಟು ವ್ಯವಧಾನವೆಲ್ಲಿ? ಒಂದು ದಿನ ಹೋದಾಗ ಜಗಲಿ ಖಾಲಿಯಾಗಿತ್ತು. ಬೈಂದೂರಿನ ಮಗಳ ಮನೆಗೆ ಹೋದರು ಎಂದರು ಪಕ್ಕದ ಸ್ಟಾಂಪ್ ವೆಂಡರು.

ಅಲ್ಲಿಗೆ ಹೋಗಲು ನನಗೆ ಐದು ವರ್ಷ ಬೇಕಾಯಿತು. ಮಗಳನ್ನೂ ಕರೆದುಕೊಂಡು ಹೋದೆ. ಒಬ್ಬನೇ ಅವರ ಎದುರು ಕೂರುವ ಧೈರ್ಯವಿರಲಿಲ್ಲ. ಮಗು ಅವರ ಕೈ ನೋಡಿ "ಅಜ್ಜ, ನಿಮ್ ಬೆರಳೆಲ್ಲಿ?" ಎಂದು ಕೇಳಿತು. "ನಾನೇ ಕಳ್ಕಂಡೆ ಮಗಾ" ಎಂದರು. ಅದು ಅಂಗಳದ ಬೆಕ್ಕಿನ ಹಿಂದೆ ಓಡಿದ ಮೇಲೆ ನಾನು ಕೇಳಿದೆ, ನನಗಾಗಿ ಯಾಕೆ ಇಷ್ಟು ಮಾಡಿದಿರಿ ಎಂದು. ಅವರು ಅಂಗಳದ ಕಡೆ ನೋಡುತ್ತ ಹೇಳಿದರು.

"ಹೆರಿಗಿ ಆದ್ಮೇಲೆ ನೀವೇ ಹೇಳ್ತ್ರಿ ಅಂದ್ಕಂಡಿದ್ದೆ ಶೇಟ್ರೆ. ಪೋಲೀಸ್ರಿಗ್ ಬ್ಯಾಡ. ನಮ್ ಮನಿಯರಿಗಾದ್ರೂ..."

ಮಾಸ್ಟ್ರ ಮಗಳು ಒಳಗೇ ಇದ್ದಳು, ಪಾತ್ರೆಯ ಸದ್ದು ಕೇಳುತ್ತಿತ್ತು. ಎದ್ದು ಹತ್ತು ಹೆಜ್ಜೆ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಅವರು ಗೇಟಿನವರೆಗೆ ಬಂದು ಕಳುಹಿಸಿಕೊಟ್ಟರು.

ಮತ್ತೆ ಹೋದದ್ದು ಅವರು ತೀರಿಕೊಂಡ ಮೂರನೆಯ ದಿನ. ಅವರ ಮಗಳು ಕುರ್ಚಿ ಹಾಕಿ ಕೂರಿಸಿದಳು.

"ಅಪ್ಪಯ್ಯನಿಂದ ನಿಮ್ಗೂ ಸ್ಟೇಷನ್ನಿಗ್ ತಿರ್ಗಾಟ ಆಯ್ತ್. ಬೇಜಾರ್ ಮಾಡ್ಕಣ್ಬೇಡಿ. ಬೇರೆಯರ್ ವಸ್ತು ಮುಟ್ಟುಕ್ ಹೋದ್ದೆಂತಕೆ ಅಂದ್ ನಾನ್ ದಿನಾ ಬೈತಿದ್ದೆ. ಒಂದ್ ದಿನವೂ ತಿರ್ಗಿ ಮಾತಾಡ್ಲಿಲ್ಲೆ."

ಆಗ ಹೇಳಿದೆ. ಕುದುರೆ ಒತ್ತಿದ್ದು ನಾನು, ಮಾಸ್ಟ್ರು ಅದನ್ನು ಮುಟ್ಟಲೇ ಇಲ್ಲ, ಎಲ್ಲವನ್ನೂ. ಅವಳು ನನ್ನನ್ನು ಬೈಯಲಿಲ್ಲ. ಗೋಡೆಗೆ ಒರಗಿ ನಿಧಾನವಾಗಿ ನೆಲಕ್ಕೆ ಕುಸಿದು ಕೂತಳು.

"ಅನ್ನ ಕಲ್ಸುಕ್ ಆತಿಲ್ಲೆ ಅಂದಾಗೆಲ್ಲ... ನೀನೇ ಮಾಡ್ಕಂಡದ್ದ್ ಅಲ್ದಾ, ಅನುಭವ್ಸ್ ಅಂದಿದ್ದೆ ನಾನ್. ಈಗ ಯಾರ್ ಹತ್ರ ಹೋಯ್ ಹೇಳ್ಲಿ?"

ಕುರ್ಚಿಯನ್ನು ಗೋಡೆಗೆ ಸರಿಸಿಟ್ಟು ನಾನು ಹೊರಟುಬಂದೆ.

ರಿವಾಲ್ವರನ್ನು ಆ ವಾರವೇ ಠಾಣೆಗೆ ಒಪ್ಪಿಸಿ ಲೈಸೆನ್ಸು ರದ್ದು ಮಾಡಿಸಿದೆ. ಮನಸ್ಸೇನೂ ಹಗುರಾಗಲಿಲ್ಲ. ಕಳೆದ ತಿಂಗಳು ಕುಂದಾಪುರದ ಬಸ್‌ಸ್ಟಾಂಡಿನಲ್ಲಿ ಮಾಸ್ಟ್ರ ಮಗಳನ್ನು ಕಂಡೆ. ಕೂದಲು ನೆರೆತಿದೆ. ಬೆಂಚಿನ ಈ ತುದಿಯಲ್ಲಿ ನಾನು ಕೂತದ್ದನ್ನು ನೋಡಿದಳು. ನೋಡಿ, ಚೀಲ ಎತ್ತಿಕೊಂಡು ಎದ್ದುಹೋಗಿ ಬಿಸಿಲಿನಲ್ಲಿ ನಿಂತಳು. ಬೈಂದೂರಿನ ಬಸ್ಸು ಬರುವ ತನಕ ಅಲ್ಲಿಯೇ ನಿಂತಿದ್ದಳು.