ಒಂದು ಮಣಿ ಕಡಿಮೆ

ಬಾನಿ ಊರಿನಲ್ಲಿ ಯಾರಾದರೂ ಸತ್ತರೆ ಶವಪೆಟ್ಟಿಗೆ ಮಾಡುವವನಿಗಿಂತ ಮೊದಲು ಬೆನಿಲ್ದಾಳಿಗೆ ಕರೆ ಹೋಗುತ್ತಿತ್ತು. ಸತ್ತವರ ಆತ್ಮಕ್ಕಾಗಿ ಒಂಬತ್ತು ಮಧ್ಯಾಹ್ನ ಜಪಮಾಲೆ ಹೇಳಿಸುವುದು ಅವಳ ಕಸುಬು. ಹತ್ತು ಮಣಿಗಳ ಐದು ಸುತ್ತು, ಅರ್ಧ ಗಂಟೆಯ ಕೆಲಸ. ಅವಳಿಗೆ ಮಾತ್ರ ಎರಡು ಗಂಟೆ ಬೇಕು. ನಡುವೆ ಒಂದು ಕೆಟ್ಟ ಯೋಚನೆ, 'ಈ ಜಿಪುಣ ಸತ್ತಿದ್ದೇ ಒಳ್ಳೆಯದಾಯಿತು' ಎಂಬಂಥದ್ದು, ನುಸುಳಿದರೆ ಸಾಕು, ಜಪ ಕೆಟ್ಟಿತು, ಆತ್ಮ ನಡುದಾರಿಯಲ್ಲಿ ನಿಂತಿತು ಎಂದು ಅವಳಿಗೆ ಭಯ.

"ಮತ್ತೆ ಮೊದಲಿಂದ," ಎನ್ನುತ್ತಿದ್ದಳು.

ಊರು ಅದನ್ನು ಭಕ್ತಿ ಎಂದಿತು. ಪಾದ್ರಿಯೂ ಭಕ್ತಿಯೆಂದೇ ಹೊಗಳಿದರು, ತಾವು ಮಾತ್ರ ಆ ಕಡೆ ಸುಳಿಯುತ್ತಿರಲಿಲ್ಲ. ಬಲ್ಲವರು ಕುರ್ಚಿಗೆ ಹಾಕಿಕೊಳ್ಳಲು ದಿಂಬು ತರುತ್ತಿದ್ದರು. ಅಂಗಳದಲ್ಲಿ ಡೊಮಿನೊ ಆಡುತ್ತಿದ್ದ ಎಲ್ಪಿದಿಯೊ, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯ 'ದೋನ್ಯಾ' ಸೇರಿಸಿ, ಅಲ್ಲಿಂದಲೇ ಕೂಗುತ್ತಿದ್ದ: "ಏನ್ ದೋನ್ಯಾ, ಸತ್ತೋನು ಇನ್ನೂ ಬಸ್‌ಸ್ಟಾಪಲ್ಲೇ ನಿಂತಿದ್ದಾನಾ?"

ಮನೆಗೆ ಜೊತೆಯಲ್ಲಿ ನಡೆಯುತ್ತಿದ್ದವಳು ಒಲಿವಾ. ಅವಳ ಮಗಳಿಗೆ ಬೆನಿಲ್ದಾ ಜ್ಞಾನಸ್ನಾನದ ತಾಯಿ, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ.

"ಕೊಮಾದ್ರೆ, ಸರಿಯಾಗಿ ಹೇಳಿದ್ನಾ?" ಬೆನಿಲ್ದಾ ಕೇಳುತ್ತಿದ್ದಳು.

"ಹೇಳಿದ್ಯಲ್ಲೇ."

"ಮೂರನೇ ಸುತ್ತು?"

"ಅದನ್ನೂ ಹೇಳಿದ್ಯಲ್ಲ ಮಾರಾಯ್ತಿ, ನಡಿ."

ಮೂವತ್ತು ವರ್ಷ ಇದೇ ನಡೆಯಿತು. ಆಮೇಲೆ ಬೆನಿಲ್ದಾಳ ಗಂಡ ಅಮಾದೋರ್ ಸತ್ತ. ಪಕ್ಕದೂರಲ್ಲಿ ಅವನಿಗೆ ಇನ್ನೊಂದು ಸಂಸಾರವಿದ್ದದ್ದು ಶವದ ಮುಂದೆಯೇ ಬಯಲಾಯಿತು. ಮೊದಲ ಮಧ್ಯಾಹ್ನವೇ ಅವನ ಜಪವನ್ನು ಬೆನಿಲ್ದಾ ಹನ್ನೊಂದು ಸಲ ಮೊದಲಿನಿಂದ ಶುರುಮಾಡಿದಳು. ದಿಂಬಿನವರೂ ಎದ್ದು ಹೋದರು. ಒಬ್ಬರಿಗೂ ಅದು ಸಿಟ್ಟು ಎಂದು ಹೊಳೆಯಲಿಲ್ಲ. ಬೆನಿಲ್ದಾಳಿಗಂತೂ ಹೊಳೆಯಲೇ ಇಲ್ಲ.

ಒಲಿವಾ ಅವಳನ್ನು ರಾಜಧಾನಿಯ ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿನ ಮನೋವೈದ್ಯೆ ಇದು ಗೀಳುರೋಗ ಎಂದಳು, ಆಮೇಲೆ ಒಲಿವಾಳತ್ತ ತಿರುಗಿದಳು: "ನೀವು ಪ್ರತಿ ಸಲ 'ಸರಿಯಾಗಿದೆ' ಅಂತೀರಲ್ಲ, ಅದು ಕುಡುಕನಿಗೆ ರಮ್ ಹೊಯ್ದಂಗೆ." ಮೂವತ್ತು ವರ್ಷ ತಾನು ನಡೆಸಿದ್ದು ಹೆಂಡದಂಗಡಿ ಎಂದು ಒಲಿವಾಳಿಗೆ ಅವತ್ತು ತಿಳಿಯಿತು.

ಮದ್ದು ವಿಚಿತ್ರವಾಗಿತ್ತು. ಬೇಕೆಂದೇ ಒಂದು ಮಣಿ ಬಿಡಬೇಕು, ಹಿಂದಕ್ಕೆ ಹೋಗಬಾರದು. ಭಯ, ಸಿಟ್ಟು ಬಂದರೆ ಕರೆಯದ ನೆಂಟನಂತೆ ಕೂತಿರಲಿ, ಕಾಫಿ ಕೊಡಬೇಡಿ. ಒಲಿವಾ ಹೇಳಬೇಕಾದದ್ದು ಒಂದೇ ಮಾತು: "ಇರಬಹುದು, ಇಲ್ಲದೆಯೂ ಇರಬಹುದು."

ಅಮಾದೋರನ ವರ್ಷದ ಜಪದಲ್ಲಿ ಬೆನಿಲ್ದಾ ಕೊನೆಗೂ ಒಂದು ಮಣಿ ಬಿಟ್ಟಳು. ಮುಕ್ಕಾಲು ಗಂಟೆ ಚಳಿಜ್ವರ ಬಂದವಳಂತೆ ನಡುಗಿದಳು. ಆಮೇಲೆ ಕಣ್ಣರಳಿಸಿ ಅಂದಳು: "ಸಿಟ್ಟಿಗೂ ಸುಸ್ತಾಗತ್ತೆ ಕಣೆ. ನಂಗೆ ಗೊತ್ತೇ ಇರ್ಲಿಲ್ಲ."

ಅಲ್ಲಿಂದ ಅರ್ಧ ಗಂಟೆಗೇ ಜಪ ಮುಗಿಯತೊಡಗಿತು. ದಿಂಬು ಹೊತ್ತವರೇ ಮೊದಲು ಮೂಗು ಮುರಿದರು: ಹೆಂಗಸಿಗೆ ಭಕ್ತಿ ಕಡಿಮೆಯಾಗಿದೆ. ಕರೆಗಳು ಕಡಿಮೆಯಾದವು.

ಈ ಫೆಬ್ರವರಿಯಲ್ಲಿ ಅವಳ ಮೂತ್ರಪಿಂಡ ಕೈಕೊಟ್ಟಿತು. ಹಾಸಿಗೆಯಿಂದ ಬೆನಿಲ್ದಾ ಕೇಳಿದಳು: "ಕೊಮಾದ್ರೆ, ಅಮಾದೋರನ ಜಪ ಸರಿಹೋಯ್ತಾ?"

ಒಲಿವಾ ಅವಳ ಹೊದಿಕೆ ಎಳೆದು ಹೊದಿಸಿದಳು. 'ಸರಿ' ಎಂದುಬಿಟ್ಟರೆ ಏನು ಹೋಗುತ್ತಿತ್ತು? "ಇರಬಹುದು, ಇಲ್ಲದೆಯೂ ಇರಬಹುದು," ಎಂದಳು.

"ರಾಕ್ಷಸಿ," ಬೆನಿಲ್ದಾ ನಕ್ಕಳು. "ನನ್ನ ಜಪದಲ್ಲೂ ಒಂದು ಮಣಿ ಬಿಡು. ಹಿಂದಕ್ಕೆ ಹೋದೆ ಅಂದ್ರೆ ನೋಡು."

ಮರುದಿನ ತೀರಿಕೊಂಡಳು.

ಜಪ ಹೇಳಿಸಲು ಒಲಿವಾ ನಿಂತಳು. ಎಂಟು ಮಧ್ಯಾಹ್ನ ಮಣಿ ಬಿಡಲು ಅವಳಿಂದ ಆಗಲಿಲ್ಲ. ಬಿಟ್ಟದ್ದಕ್ಕೇ ಗೆಳತಿ ನಡುದಾರಿಯಲ್ಲಿ ನಿಂತುಬಿಟ್ಟರೆ? ಮೂವತ್ತು ವರ್ಷ ಗೆಳತಿಯ ಯಾವ ಭಯಕ್ಕೆ ಸಮಾಧಾನ ಹೇಳಿದ್ದಳೋ ಅದು ಅವಳ ಹೆಬ್ಬೆರಳಲ್ಲೇ ಬಂದು ಕೂತಿತ್ತು.

ಒಂಬತ್ತನೆಯ ಮಧ್ಯಾಹ್ನ, ಕೊನೆಯ ಸುತ್ತಿನಲ್ಲಿ, ಹತ್ತು ಮಣಿಗೆ ಹತ್ತು 'ನಮೋ ಮರಿಯಾ' ಹೇಳಬೇಕಾದಲ್ಲಿ ಒಂಬತ್ತಕ್ಕೇ ಅವಳು ನಿಲ್ಲಿಸಿದಳು.

"ಒಂಬತ್ತೇ ಆಯ್ತು! ಇನ್ನೊಂದಿದೆ," ಎಂದಳೊಬ್ಬಳು.

ಎಲ್ಪಿದಿಯೊ ಡೊಮಿನೊ ಬಿಟ್ಟು ಬಾಗಿಲಿಗೆ ಬಂದ. "ಮೊದಲಿಂದ ಹೇಳಿ ದೋನ್ಯಾ ಒಲಿವಾ. ಬೇರೆಯವರದಾದ್ರೆ ಬಿಡಿ, ಇದು ಬೆನಿಲ್ದಾಂದು! ಹಿಂಗೆ ಬಿಟ್ರೆ ಆಯಮ್ಮ ತಲುಪ್ತಾಳಾ?"

ಒಲಿವಾ ಹಿಂದಕ್ಕೆ ಹೋಗಲಿಲ್ಲ. ಜಪಮಾಲೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು.

"ತಲುಪಬಹುದು, ತಲುಪದೆಯೂ ಇರಬಹುದು," ಎಂದಳು. "ಜಪ ಮುಗೀತು, ಕಾಫಿ ತನ್ನಿ."